ಗೂಡಿನ ಹುಲ್ಲು

ಕುನ್‌ಮಿಂಗ್, ಮಾರ್ಚ್ ೯

ಅಕ್ಕ,
ಹುಟ್ಟಿನಿಂದ ನಿನ್ನೊಳಗಿರುವ ಹೆಪಟೈಟಿಸ್ ಬಿ ವೈರಸ್ ಕೊನೆಗೂ ನಮ್ಮ ಪ್ರಯೋಗಾಲಯದ ಮರಮೂಗಿಲಿಗಳಲ್ಲಿ, ಅಳಿಲಿನಂಥ ಆ ಪುಟ್ಟ ಪ್ರಾಣಿಗಳಲ್ಲಿ, ನೆಲೆಸಿದೆ. ಬೆಳೆದ ಪ್ರಾಣಿಗಳಲ್ಲಿ ಅದು ನಿಲ್ಲುತ್ತಿರಲಿಲ್ಲ. ಎಳೆಯ ಮರಿಗಳಿಗೆ ಚುಚ್ಚಿದರೆ, ನಮ್ಮ ಕೈವಾಸನೆಗೆ ಬೆದರಿ ತಾಯಿಯೇ ಅವನ್ನು ತಿಂದುಬಿಡುತ್ತಿತ್ತು. ಗೂಡು ನೋಡಿಕೊಳ್ಳುವ ಪು ಚಿಕ್ಕಮ್ಮ ಗದರಿದಳು: "ಸೋಪು ಆಚೆ ಇಡೇ ಡಾಕ್ಟರಮ್ಮ, ಅದರ ಗೂಡಿನ ಹುಲ್ಲಲ್ಲೇ ಕೈ ಉಜ್ಜು." ಹಾಗೇ ಮಾಡಿ ನಾಲ್ಕು ಮರಿಗಳಿಗೆ ಚುಚ್ಚಿದೆ, ತಾಯಿ ತಿನ್ನಲಿಲ್ಲ. ಹನ್ನೊಂದು ತಿಂಗಳಾದರೂ ನಾಲ್ಕೂ ಮರಿಗಳ ರಕ್ತದಲ್ಲಿ ವೈರಸ್ ಇದೆ. ಹೊಸ ಔಷಧ ಪರೀಕ್ಷಿಸಲು ಇನ್ನು ದಾರಿಯಿದೆ. ಮರಿಗಳ ರೋಗ ವಾಸಿಯಾಗಲಿಲ್ಲವೆಂದು ಎಲ್ಲರೂ ಅಕ್ಕಿ ಶಾವಿಗೆ ತಿಂದು ಹಬ್ಬ ಮಾಡಿದೆವು.

ನೀನು ಮಾತ್ರೆ ತಪ್ಪಿಸಬೇಡ. ನಿನಗೆಂದು ಬೇರೆ ಇಟ್ಟಿರುವ ಬಟ್ಟಲನ್ನು ಎಲ್ಲರ ಬಟ್ಟಲುಗಳ ಜೊತೆ ಸೇರಿಸು, ಊಟದಿಂದ ಈ ವೈರಸ್ ಅಂಟುವುದಿಲ್ಲ. ಲಕೋಟೆಯಿಲ್ಲದೆ ಬರೆದದ್ದು ನಿನ್ನ ಅತ್ತೆಯೂ ಓದಲಿ ಎಂದೇ. ಶನಿವಾರ ಬಂದು ಆ ಬಟ್ಟಲಲ್ಲಿ ನಾನೇ ಉಣ್ಣುತ್ತೇನೆ.

ತಂಗಿ ಯೆನ್‌ಪಿಂಗ್