ಎಂಟರ್ ಒತ್ತುತ್ತಾ ಕೂರಬೇಡಿ

ರೀ,

ಕಂಪ್ಯೂಟರ್‌ನಲ್ಲಿ ನೀವು ಬರೀತಿರೋ ಪುಸ್ತಕವನ್ನ ಮತ್ತೆ ಸರಿ ಮಾಡಿಟ್ಟಿದೀನಿ. ದಮ್ಮಯ್ಯ, ಅಧ್ಯಾಯವನ್ನ ಮುಂದಿನ ಪುಟಕ್ಕೆ ತಳ್ಳೋಕೆ ಎಂಟರ್ ಒತ್ತುತ್ತಾ ಕೂರಬೇಡಿ. ಮೇಲೊಂದು ಸಾಲು ಸೇರಿಸಿದ್ರೆ ಕೆಳಗಿರೋದೆಲ್ಲ ಜಾರುತ್ತೆ. ಕಂಟ್ರೋಲ್ ಕೀ ಹಿಡಿದು ಒಂದೇ ಸಲ ಎಂಟರ್ ಒತ್ತಿ, ಸಾಕು.

ತಲೆಬರಹ ಪುಟದ ಬುಡದಲ್ಲಿ ಒಂಟಿಯಾಗಿ ಉಳೀಬಾರದು ಅಂತ, ಅದು ಮುಂದಿನ ಸಾಲಿನ ಜೊತೆಗೇ ಹೋಗೋ ಹಾಗೆ ಟಿಕ್ ಹಾಕಿದೀನಿ. ಅದನ್ನ ತೆಗೀಬೇಡಿ.

ಅಡುಗೆ ಒಲೆ ಮೇಲಿದೆ, ಬಿಸಿ ಮಾಡ್ಕೊಳ್ಳಿ.

ನಾಳೆ ಬೆಳಿಗ್ಗೆಯಾದ್ರೂ ನಾನು ರಾತ್ರಿ ಪಾಳಿ ಮುಗಿಸಿ ಬರೋವರೆಗೂ ಕೆಲಸಕ್ಕೆ ಹೊರಡಬೇಡಿ. ಚೀಟಿ ಓದೀ ಓದೀ ನನ್ನ ದನಿಯೇ ಮರೆತುಬಿಟ್ಟೀರಿ.

ಅಂದಹಾಗೆ, ‘ಸದಾ ಜೊತೆಗಿರುವ ನನ್ನವಳಿಗೆ’ ಅನ್ನೋ ಅರ್ಪಣೆಯ ಸಾಲು. ಇಡೀ ಖಾಲಿ ಪುಟದಲ್ಲಿ ಅದೊಂದೇ ನಿಂತಿದೆ. ಅದನ್ನ ಮುಟ್ಟಿಲ್ಲ. ಅದು ಸರಿಯಾಗೇ ಇದೆ.