ಮಾರ್ಗಳಿಯಲ್ಲಿ ಪಾಂಡಿಯಮ್ಮನ ರಜೆ

ಅತ್ತೆ,

ಓದು ಬಾರದ ನಿಮಗೆ ಪತ್ರ ಬರೆಯಲು ಕೂತಿದ್ದೇನೆ. ನೀವಿದ್ದಿದ್ದರೆ ಎದುರಿಗೆ ನಿಂತು ಇದನ್ನು ಹೇಳುವ ಧೈರ್ಯ ನನಗೆ ಬರುತ್ತಿತ್ತೋ ಇಲ್ಲವೋ. ಧನುರ್ಮಾಸದ ಚಳಿಯೊಡನೆ ಮಾರ್ಗಳಿ ಹುಟ್ಟಿ ಹನ್ನೆರಡು ದಿನವಾಯಿತು. ಕಂಬಂ ರಸ್ತೆಯಲ್ಲಿ ಶಬರಿಮಲೆಗೆ ಹೋಗುವ ಬಸ್ಸುಗಳ ಸಾಲು ನೀವು ಕಂಡದ್ದೇ. ಜೊತೆಗೆ ಶಾಲೆಗೆ ರಜೆ ಬಿಟ್ಟಿದೆಯೆಂದು ಮಕ್ಕಳನ್ನು ಕಟ್ಟಿಕೊಂಡು ತೇಕ್ಕಡಿಗೆ ಹೊರಟವರು. ಎಲ್ಲರಿಗೂ ಸರಿಯಾಗಿ ನಮ್ಮ ಮೆಸ್ಸಿನ ಮುಂದೆಯೇ ಹಸಿವಾಗುತ್ತದೆ.

ನಾನು ಮಾರ್ಕಯನ್‌ಕೋಟ್ಟೈಯಿಂದ ಸೊಸೆಯಾಗಿ ಬಂದ ವರ್ಷದ ಕಾರ್ತಿಕ ನೆನಪಿದೆಯೇ? ನಾಲ್ಕು ಬಸ್ಸು ಒಟ್ಟಿಗೆ ನಿಂತಿದ್ದವು. ಮಾಲೆ ಹಾಕಿದ ಸ್ವಾಮಿಗಳಿಗೆ ಈರುಳ್ಳಿ ಬೆಳ್ಳುಳ್ಳಿ ಇಲ್ಲದ ಸಾಂಬಾರು, ಉಳಿದವರಿಗೆ ಬೇರೆ ಸಾಂಬಾರು. ನಾನು ಎರಡನ್ನೂ ಅದಲುಬದಲು ಮಾಡಿ, ಗ್ರೈಂಡರಿನ ಹಿಂದೆ ನಿಂತು ಅಳುತ್ತಿದ್ದೆ. ನೀವು ಬೈಯಲಿಲ್ಲ. "ಮಗ್ಳೆ, ಕಾಲೆಲಿಂದ ಏನಾರ ಉಂಡ್ಯಾ?" ಎಂದಿರಿ. ಬೆಳಗಿನಿಂದ ಏನೂ ಇಲ್ಲವೆಂದು ತಲೆಯಾಡಿಸಿದೆ. ನೀವು ಒಲೆ ಆರಿಸಿ, ಬಾಗಿಲಿಗೆ ಬಂದು, "ಸ್ವಾಮಿ, ಮಾಡೋರು ಉಣ್ಲಿ. ಅರ್ಧ ಗಂಟೆ ಕುಂತ್ಕೊಳ್ಳಿ" ಎಂದು ಬಾಗಿಲೆಳೆದುಕೊಂಡಿರಿ. ಒಳಗೆ ನೀವು, ನಾನು, ಅಡುಗೆಯ ಪಾಂಡಿಯಮ್ಮ ನೆಲದ ಮೇಲೆ ಕೂತು ಉಂಡೆವು. ಆವತ್ತಿನಿಂದ ದಿನವೂ ಮೂರೂವರೆಗೆ ಬಾಗಿಲು ಮುಚ್ಚುತ್ತಿದ್ದಿರಿ. ಎದುರಿಗೇ ನಿಂತ ಗಿರಾಕಿಗಳನ್ನು ಕಾಯಿಸುತ್ತಾರಲ್ಲ, ಇದೆಂಥ ವ್ಯಾಪಾರ ಎಂದು ನಾನು ಒಳಗೊಳಗೇ ನಗುತ್ತಿದ್ದೆ. ಅದೂ ನಿಮಗೆ ಗೊತ್ತಿತ್ತೇನೋ.

ಹೋದ ವರ್ಷ ಐಪ್ಪಸಿ ತಿಂಗಳಲ್ಲಿ ನಿಮ್ಮನ್ನು ಮಣ್ಣಿಗೆ ಕಳಿಸಿ ಬಂದು ಹದಿನಾರನೆಯ ದಿನದ ಕಾರ್ಯ ಮುಗಿಸುವಷ್ಟರಲ್ಲಿ ಕಾರ್ತಿಕ ಬಂತು. "ಈ ವರ್ಷ ಕೊಂಚ ಕಡಿಮೆ ಮಾಡಾಣ" ಎಂದರು ನಿಮ್ಮ ಮಗ. ನಾನು ಕೇಳಲಿಲ್ಲ. ಫೋನ್ ಮಾಡಿದವರಿಗೆಲ್ಲ ಹೂಂ ಅಂದೆ. ದಿಂಡಿಗಲ್ಲಿನಿಂದ ಹೊರಡುವ ತಂಡಗಳು, ಹೊಸ ವರ್ಷದ ದಿನದ ಊಟದ ಪಾರ್ಸೆಲ್ಲುಗಳು, ಎಲ್ಲದಕ್ಕೂ ಹೂಂ. ಮೂರೂವರೆಗೆ ಬಾಗಿಲು ಮುಚ್ಚುವುದನ್ನು ನಿಲ್ಲಿಸಿದೆ. ಅತ್ತೆಗಿಂತ ಸೊಸೆ ಜೋರು ಎಂದು ನಾಲ್ಕು ಜನ ಅನ್ನಲಿ ಎನ್ನುವ ಆಸೆ ಇರಲಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ಅದಷ್ಟೇ ಅಲ್ಲ ಅತ್ತೆ. ಆ ಅರ್ಧ ಗಂಟೆ ನೆಲದ ಮೇಲೆ ಕೂತರೆ ನೀವು ಕೂರುತ್ತಿದ್ದ ಜಾಗ ಕಣ್ಣಿಗೆ ಬೀಳುತ್ತಿತ್ತು. ನಿಂತೇ ಇದ್ದರೆ ಅಷ್ಟು…

ಕ್ರಿಸ್‌ಮಸ್ ಆದ ಮೂರನೆಯ ದಿನ. ಬೆಳಿಗ್ಗೆಯಿಂದಲೇ ಪಾಂಡಿಯಮ್ಮನ ಮುಖ ಬಿಳುಚಿಕೊಂಡಿತ್ತು. ಎರಡು ಗಂಟೆಯ ಹೊತ್ತಿಗೆ ಸೆರಗಿನಿಂದ ಕುತ್ತಿಗೆ ಒರೆಸಿಕೊಳ್ಳುತ್ತ, "ಸೊಸೆಮ್ಮಾ, ತಲೆ ಸುತ್ತದೆ. ಕೊಂಚ ಕುಂತ್ಕೊಂಡು ಬತ್ತೀನಿ" ಎಂದಳು. ನಾನು ತಿರುಗಿಯೂ ನೋಡಲಿಲ್ಲ. "ಈ ಬಸ್ಸು ಹೋಗ್ಲಿ ಅಕ್ಕಾ, ಅಪ್ಪುರಂ ಕುಂತ್ಕೋ" ಎಂದೆ. ಆ ಬಸ್ಸು ಹೋಯಿತು, ಇನ್ನೊಂದು ಬಂತು. ಅವಳು ಮತ್ತೆ ಕೇಳಲಿಲ್ಲ. ಮೂರೂಮುಕ್ಕಾಲಿಗೆ ಸಾಂಬಾರಿನ ಪಾತ್ರೆ ಇಳಿಸಹೋಗಿ, ಅದರ ಸಮೇತ ಕೆಳಗೆ ಬಿದ್ದಳು.

ಆ ಕೂಗು ಈಗಲೂ ಕಿವಿಯಲ್ಲಿದೆ. "ಉರೀತದೆ ಸೊಸೆಮ್ಮಾ, ಉರೀತದೆ!" ನಾನು ಸೌಟು ಹಿಡಿದು ಕಲ್ಲಿನ ಹಾಗೆ ನಿಂತುಬಿಟ್ಟೆ. ಊಟಕ್ಕೆ ಕೂತಿದ್ದ ಒಂದು ತಂಡದ ಗುರುಸ್ವಾಮಿ, ಬಿಳಿ ಗಡ್ಡದವರು, ಎಲೆ ಬಿಟ್ಟು ಒಳಗೆ ಓಡಿಬಂದರು. "ತಾಯಿ, ಹಿಂದಕ್ಕ ಸರೀರಿ. ಮೊದ್ಲ ತಣ್ಣೀರು ಹಾಕೂಣು" ಎಂದು ಡ್ರಮ್ಮಿನ ನೀರನ್ನು ಚೊಂಬು ಚೊಂಬಾಗಿ ಅವಳ ಕೈಮೇಲೆ, ಕಾಲಮೇಲೆ ಸುರಿಯುತ್ತಲೇ ಇದ್ದರು. ಆಟೋ ಬರುವವರೆಗೂ ನಿಲ್ಲಿಸಲಿಲ್ಲ. ಕರ್ನಾಟಕದ ಕಡೆಯವರು. "ಈ ತಮಿಳ್ನಾಡಿನಾಗ ಅಕಿ ಕೂಗಿದ್ದು ನಮ್ಮ ಕನ್ನಡದಾಗ. ಅದಕ್ಕ ತಡೀಲಿಕ್ಕಾಗ್ಲಿಲ್ಲ" ಎಂದರು. ನಾವು ಆಸ್ಪತ್ರೆಗೆ ಹೊರಟ ಮೇಲೆ ಅವರ ತಂಡದವರೇ ಒಲೆ ಆರಿಸಿ, ನೆಲ ತೊಳೆದು, ಬಾಗಿಲು ಹಾಕಿಕೊಂಡು ಹೋದರಂತೆ. ಹೆಸರು ಕೂಡ ಕೇಳಲಿಲ್ಲ ನಾನು.

ಆಸ್ಪತ್ರೆಯಲ್ಲಿ ಅವಳ ಬಲಗೈಗೆ ಮೊಣಕೈವರೆಗೆ ಬಟ್ಟೆ ಸುತ್ತಿದ್ದರು, ಎಡಗಾಲಿಗೂ. ನನ್ನನ್ನು ಬೈಯಲಿ ಎಂದು ಕಾಯುತ್ತ ಮಂಚದ ಪಕ್ಕ ನಿಂತಿದ್ದೆ. ಬೈದಿದ್ದರೆ ಹಗುರಾಗುತ್ತಿತ್ತು. ಅವಳು ನನ್ನ ಮುಖ ನೋಡಿ, "ನೀನು ಉಂಡ್ಯಾ?" ಎಂದು ಕೇಳಿದಳು. ಥೇಟ್ ನಿಮ್ಮ ಹಾಗೆ. ನೀವು ಹೋದಾಗಲೂ ಅಳದ ನಾನು ಆ ವಾರ್ಡಿನಲ್ಲಿ, ಅಷ್ಟು ಜನರ ನಡುವೆ ಅತ್ತುಬಿಟ್ಟೆ. ಅವಳು ಎಡಗೈಯಿಂದ ನನ್ನ ತಲೆ ಸವರುತ್ತಿದ್ದಳು.

ಮರುದಿನ ಬೆಳಿಗ್ಗೆ ಪಟ್ಟಿ ಹಿಡಿದು ಒಬ್ಬೊಬ್ಬರಿಗೂ ಫೋನ್ ಮಾಡಿ, ಹೊಸ ವರ್ಷದ ಊಟ ನಮ್ಮಿಂದ ಆಗುವುದಿಲ್ಲ ಎಂದೆ. ಒಬ್ಬರು ರೇಗಿದರು, ಒಬ್ಬರು ಮಾತಿನ ಮಧ್ಯೆಯೇ ಇಟ್ಟುಬಿಟ್ಟರು. ಹೆಚ್ಚಿನವರು ಮಾತ್ರ, "ಪಾಂಡಿಯಮ್ಮ ಹೇಗಿದ್ದಾರೆ?" ಎಂದು ಕೇಳಿದರು. ನಾನು ಇಷ್ಟು ದಿನ ಹೆದರಿದ್ದು ಯಾರಿಗೆ ಅತ್ತೆ?

ಅವಳು ಪೊಂಗಲ್ ಮುಗಿದು ತೈ ತಿಂಗಳೂ ಕಳೆದ ಮೇಲೆ ಕೆಲಸಕ್ಕೆ ಬಂದಳು. ಬಲಗೈ ಬೆರಳುಗಳು ಪೂರ್ತಿ ಮಡಚುವುದಿಲ್ಲ. ಭಾರದ ಪಾತ್ರೆಗಳನ್ನು ಈಗ ನಿಮ್ಮ ಮಗ ಇಳಿಸುತ್ತಾರೆ. ಈ ವರ್ಷ ದಿನಕ್ಕೆ ಎರಡು ತಂಡಕ್ಕಿಂತ ಹೆಚ್ಚು ಒಪ್ಪಿಕೊಂಡಿಲ್ಲ. ಮೂರೂವರೆಗೆ ಬಾಗಿಲು ಮುಚ್ಚಿ, ಅವರೂ ಸೇರಿ ಮೂವರು ಕೂತು ಉಣ್ಣುತ್ತೇವೆ. ಮೊದಮೊದಲು ನನ್ನ ಕಿವಿಯೆಲ್ಲ ಹೊರಗಿನ ಹಾರನ್ನಿನ ಕಡೆಗೇ ಇರುತ್ತಿತ್ತು. ಈಗ ಅನ್ನದ ರುಚಿ ತಿಳಿಯುತ್ತದೆ. ಅವಳ ಆ ಬೆರಳುಗಳು ತುತ್ತು ಕಲಸುವುದನ್ನು ನೋಡುವಾಗ ಮಾತ್ರ… ಅದು ನನ್ನ ಜೊತೆಗೇ ಇರಲಿ ಬಿಡಿ.

ಆಚೆ ಮೊನ್ನೆ ಈರುಳ್ಳಿ ಸುಲಿಯುತ್ತ ಪಾಂಡಿಯಮ್ಮ ಏನನ್ನೋ ಹೇಳಲು ಬಾಯಿ ತೆರೆದು, ಇನ್ನೊಂದು ಈರುಳ್ಳಿ ಕೈಗೆತ್ತಿಕೊಂಡಳು. ಪೆರಿಯಕುಳಂನಲ್ಲಿರುವ ಮಗಳಿಗೆ ಇದೇ ವಾರ ದಿನ ತುಂಬುತ್ತದೆ ಎಂದು ನಿಮ್ಮ ಮಗನ ಬಾಯಿಂದ ನನಗೆ ತಿಳಿದಿತ್ತು. ಹತ್ತು ಮಾರ್ಗಳಿಗಳಲ್ಲಿ ಒಂದು ದಿನವೂ ರಜೆ ಕೇಳದವಳು, ಕ್ರಿಸ್‌ಮಸ್ಸಿಗೂ ಹೊಸ ವರ್ಷಕ್ಕೂ ನಡುವಿನ ಈ ವಾರದಲ್ಲಿ ಹೇಗೆ ಕೇಳಿಯಾಳು?

"ಅಕ್ಕಾ, ನಾಳೆ ಮೊದ್ಲ ಬಸ್ಸಿಗೆ ಪೆರಿಯಕುಳಕ್ಕೆ ಹೊಂಟ್ಬಿಡು" ಎಂದೆ.

"ಇಲ್ಲಿ ಅಡ್ಗೆ ವೇಲೆ ಯಾರ್ ಮಾಡ್ತಾರೆ?"

"ಆದಷ್ಟು ಮಾಡ್ತೀವಿ. ಆಗ್ದಿದ್ದು ಆಗಾಕಿಲ್ಲ."

ಅವಳು ಹೋಗಿ ಎರಡು ದಿನವಾಯಿತು. ನಮ್ಮಲ್ಲಿ ಈ ವಾರ ಇಡ್ಲಿ, ಮೊಸರನ್ನ ಬಿಟ್ಟರೆ ಬೇರೇನೂ ಇಲ್ಲ. ಬೇಕಾದವರು ಕೂತು ಉಣ್ಣುತ್ತಾರೆ, ಬೇಡದವರು ಮುಂದಕ್ಕೆ ಹೋಗುತ್ತಾರೆ. ಈಗಷ್ಟೇ ಅವಳ ಫೋನ್ ಬಂತು. ಅಳುತ್ತಿದ್ದಳು, ನಗುತ್ತಲೂ ಇದ್ದಳು. ಒಂದು ಮಾತು ಬಿಟ್ಟು ಬೇರೆ ಯಾವುದೂ ನೆಟ್ಟಗೆ ಕೇಳಿಸಲಿಲ್ಲ. ಹಿಂದಿನಿಂದ ಬರುತ್ತಿದ್ದ ಸಣ್ಣ ಅಳು ಮಾತ್ರ ಚೆನ್ನಾಗಿ ಕೇಳಿಸಿತು.

ಹೆಣ್ಣು ಮಗು, ಅತ್ತೆ.

ನಿಮ್ಮ ಸೊಸೆ