ಜಾಗ ಕೊಟ್ಟವಳ ಪಾತ್ರ

ಜನವರಿ 9, ಗುರುವಾರ

ಮತ್ತೆ ಸಿಮೆಂಟ್ ಧೂಳು. ಗುಡಿಸಿದೆ, ನೀರು ಚಿಮುಕಿಸಿದೆ, ಆದರೂ ಸಂಜೆ ಎಲ್ಲರ ಕಾಲೂ ಬಿಳಿ. ಸೆಲ್ಲಾರ್ ಅಂದಮೇಲೆ ಅಷ್ಟೇ. ಮೇಲೆ ಟೈಲ್ಸ್ ಕೆಲಸ, ಕೆಳಗೆ ನಮ್ಮ ರಿಹರ್ಸಲ್. ಗಂಗಾನಗರದ ಸ್ಕೂಲ್ ಹಾಲ್ ಕೈತಪ್ಪಿದಾಗ ತಂಡಕ್ಕೆ ನಿಲ್ಲಲು ನೆಲ ಇರಲಿಲ್ಲ. ಜಕ್ಕೂರಿನಲ್ಲಿ ನಮ್ಮವರು ಕಟ್ಟಿಸುತ್ತಿರುವ ಅಪಾರ್ಟ್‌ಮೆಂಟ್ ಇದೆ, ಸೆಲ್ಲಾರ್ ಖಾಲಿ ಇದೆ ಅಂತ ಬಾಯಿಬಿಟ್ಟವಳು ನಾನೇ. ಆಗ ತಂಡದಲ್ಲಿ ಹೊಸಬಳು. ಅದೇ ವಾರ ಮುಖ್ಯ ಪಾತ್ರವೂ ಸಿಕ್ಕಿತು. ಸೂಲಗಿತ್ತಿ ಚೆನ್ನಿ. ಅದೃಷ್ಟ ಬಂದರೆ ಜೋಡಿಯಾಗಿಯೇ ಬರುತ್ತದೆ.

ಭೀಮರಾಜ್ ಇವತ್ತೂ ಬೈಸಿಕೊಂಡರು. ಆರ್.ಟಿ. ನಗರದಲ್ಲಿ ಬ್ಯಾಂಕ್ ಮ್ಯಾನೇಜರ್, ಇಲ್ಲಿ ನಾಯಿಪಾಡು. "ಏನೋ ಅದು, ಮಗೂನ ಕೇಳ್ತಿದ್ದೀಯೋ, ಡೆಪಾಸಿಟ್ ಕೇಳ್ತಿದ್ದೀಯೋ?" ಅಂದರು ನಮ್ಮ ನಿರ್ದೇಶಕರು, ವಿರೂಪಾಕ್ಷ ಸರ್. ಸ್ಕ್ರಿಪ್ಟ್ ಹಿಡಿದು ಪ್ರಾಂಪ್ಟ್ ಮಾಡುವ ಲುಬ್ನಾಗೂ ಬಿತ್ತು. ನನಗೆ ಮಾತ್ರ "ವೆರಿ ಗುಡ್ ಮೇಡಂ, ನೆಕ್ಸ್ಟ್." ಇಷ್ಟು ತಿಂಗಳಲ್ಲಿ ಒಂದು ಮಾತೂ ಅನ್ನಿಸಿಕೊಂಡಿಲ್ಲ ನಾನು. ಹುಟ್ಟು ಕಲಾವಿದೆ ಅಂದರೆ ಇದೇ ಇರಬೇಕು. ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಕಾಲೇಜಿನಲ್ಲಿ ಬಿಟ್ಟ ನಾಟಕ. ಮದುವೆ, ಮಕ್ಕಳು, ಅತ್ತೆ, ಹಬ್ಬ... ಈ ಮನೆಯಲ್ಲಿ ಮಂಜುಶ್ರೀಯದು, ನನ್ನದು, ಅಂತ ಇರುವುದು ಇದೊಂದೇ.

ಜನವರಿ 14. ಸಂಕ್ರಾಂತಿ

ಎಳ್ಳು ಬೀರಿ ಬಂದು ಅತ್ತೆ ಕೂತರು. "ನಮ್ದೇ ಬಿಲ್ಡಿಂಗು, ಅದ್ಕೇ ಸುಮ್ಕಿವ್ನಿ ಕಣಮ್ಮಿ. ಬ್ಯಾರೆ ಕಡೆ ಓಗಿ ಕುಣಿಯಂಗಿಲ್ಲ, ಏಳ್ಬುಟ್ಟಿವ್ನಿ." ಮುನಿವೆಂಕಟಮ್ಮನವರ ಮಾತು ಅಂದರೆ ಈ ಮನೆಯಲ್ಲಿ ಮುಗಿದ ಮಾತು. ಹೂಂ ಅಂದೆ. ಬೇರೆ ಕಡೆ ಯಾಕೆ ಹೋಗಲಿ, ಸೆಲ್ಲಾರ್ ಇದೆಯಲ್ಲ.

ಜನವರಿ 26, ಭಾನುವಾರ

ಇಲ್ಲವಂತೆ. ಊಟ ಮಾಡುತ್ತಾ ಹೇಳಿಬಿಟ್ಟರು ಇವರು. "ಮೇಲ್ಗಡೆ ಎರಡು ಮನೆ ಗೃಹಪ್ರವೇಶ ಆಗ್ತಿದೆ. ಪಾರ್ಕಿಂಗ್ ಬಿಟ್ಕೊಡ್ಬೇಕು. ನಿಮ್ಮ ನಾಟಕದವ್ರಿಗೆ ಹೇಳ್ಬಿಡು."

"ಮಾರ್ಚ್ ಇಪ್ಪತ್ಮೂರಕ್ಕೆ ಷೋ ರೀ. ಯಲಹಂಕದಲ್ಲಿ ಹಾಲ್ ಬುಕ್ ಆಗಿದೆ. ಅಲ್ಲೀವರೆಗಾದ್ರೂ..."

"ಮತ್ತೆ ಕಾರ್ ತಂದು ನಿಮ್ಮ ಚೆನ್ನಿ ತಲೆ ಮೇಲೆ ನಿಲ್ಲಿಸ್ಲಾ?" ನಗುತ್ತಾ ಸಾರು ಹಾಕಿಸಿಕೊಂಡರು. ಮಹೇಂದ್ರ ಕೆಟ್ಟವರಲ್ಲ. ನನ್ನದು ಅವರಿಗೆ ಆಟ, ಅಷ್ಟೇ.

ಫೆಬ್ರವರಿ 3

ವಿರೂಪಾಕ್ಷ ಸರ್‌ಗೆ ಹೇಳಿದೆ. ಬೇಜಾರು ಮಾಡಿಕೊಂಡರು. "ನಿಮ್ಮದೇ ಬೇರೆ ಯಾವ್ದಾದ್ರೂ ಜಾಗ ಇದ್ಯಾ ಮೇಡಂ?" ಅದನ್ನೇ ಎರಡು ಸಲ ಕೇಳಿದರು. ಮನೆ ಹಿಂದೆ ಹಳೇ ದನದ ಶೆಡ್ ಇದೆ, ಸೆಂಟ್ರಿಂಗ್ ಹಲಗೆ, ಕಂಬ ತುಂಬಿಟ್ಟಿದ್ದಾರೆ ಅಂದೆ. "ಸರಿ, ಜಾಗ ಹುಡುಕಿ ಫೋನ್ ಮಾಡ್ತೀನಿ."

ಪಾಪ, ಎಲ್ಲಿ ಅಂತ ಹುಡುಕುತ್ತಾರೆ. ಬೇರೆ ಕಡೆ ಹೋಗಲು ಅತ್ತೆಯನ್ನು ಒಪ್ಪಿಸುವುದು ನನ್ನ ಪಾಡು. ಒಪ್ಪಿಸುತ್ತೇನೆ.

ಫೆಬ್ರವರಿ 22, ಶನಿವಾರ

ಫೋನ್ ಇಲ್ಲ. ವಾಟ್ಸಾಪ್ ಗ್ರೂಪಿನಲ್ಲಿ ಬರೀ ಗುಡ್ ಮಾರ್ನಿಂಗ್. ಚೆನ್ನಿಯ ಮಾತೆಲ್ಲ ಅಡುಗೆಮನೆಯಲ್ಲೇ ಹೇಳಿಕೊಳ್ಳುತ್ತಿದ್ದೇನೆ. ಕುಕ್ಕರ್ ಕೂಗಿದರೆ ನಿಲ್ಲಿಸಿ ಮತ್ತೆ ಮೊದಲಿಂದ.

ಇವತ್ತು ತಡೆಯಲಾರದೆ ಭೀಮರಾಜ್‌ಗೆ ಮಾಡಿದೆ. "ಅಯ್ಯೋ ಮೇಡಂ, ನಿಮಗೆ ಹೇಳಿಲ್ವಾ? ಮಾಕಳೀಲಿ ಒಂದು ಗೋಡೌನ್ ಸಿಕ್ತು. ನಿಮಗೆ ದೂರ ಆಗುತ್ತೇಂತ ಸರ್ ಏನೋ..." ತಡವರಿಸಿ ಇಟ್ಟುಬಿಟ್ಟರು.

ನಾಳೆ ಹೋಗುತ್ತೇನೆ.

ಫೆಬ್ರವರಿ 23, ರಾತ್ರಿ

ಬರೆಯಬಾರದು ಅಂದುಕೊಂಡೆ. ಇನ್ಯಾರಿಗೆ ಹೇಳಲಿ.

ಯಶವಂತಪುರದ ಅಕ್ಕನ ಮನೆ ಅಂತ ಅತ್ತೆಗೆ ಸುಳ್ಳು. ಯಶವಂತಪುರ ಸ್ಟೇಷನ್ನಲ್ಲಿ ಗಾಡಿ ನಿಲ್ಲಿಸಿ ಮೆಟ್ರೋ, ಕೊನೇ ಸ್ಟೇಷನ್ನಿಂದ ಆಟೋ. ಗೋಡೌನಿನ ಶಟರ್ ಅರ್ಧ ಎತ್ತಿತ್ತು. ಒಳಗೆ ಲುಬ್ನಾ, ಕೈಯಲ್ಲಿ ಬಟ್ಟೆ ಸುತ್ತಿ ಮಾಡಿದ ಮಗು. ನನ್ನ ಮಾತು ಅವಳ ಬಾಯಲ್ಲಿ. "ಯಾರ ಮಗು ಅಂತ ಕೇಳಬೇಡಿ. ಅತ್ತಿತು, ಅಷ್ಟು ಸಾಲದಾ?"

"ಸಾಲಲ್ಲ! ಸುಳ್ಳು ಹೇಳ್ತಿದ್ದೀಯ. ಮತ್ತೆ," ಅಂದರು ಸರ್. ಮತ್ತೆ ಹೇಳಿದಳು. "ಕುತ್ತಿಗೇಲಿ ಮಾತಾಡ್ಬೇಡ, ಹೊಟ್ಟೇಲಿ ಮಾತಾಡು. ಮತ್ತೆ." ಎದ್ದು ಹೋಗಿ ಅವಳ ಭುಜ ತಗ್ಗಿಸಿದರು. ಹಿಂದೆ ಬಂದು ನೋಡಿದರು, ಪಕ್ಕದಿಂದ ನೋಡಿದರು. ಹುಡುಗಿ ಕಣ್ಣಲ್ಲಿ ನೀರು. ಬಿಡಲಿಲ್ಲ. "ಅಳೋದಾದ್ರೆ ಮನೇಲಿ ಅಳು. ಇಲ್ಲಿ ಕೆಲ್ಸ ಮಾಡು."

ಶಟರ್ ಹಿಡಿದು ನಿಂತವಳು ನಿಂತೇ ಇದ್ದೆ. ಆ ಮಾತನ್ನು ಸೆಲ್ಲಾರಿನಲ್ಲಿ ನಾನೆಷ್ಟು ಸಲ ಹೇಳಿದ್ದೇನೆ. ಒಂದು ದಿನ ಎದ್ದು ಬಂದವರಲ್ಲ. ಭುಜ ಎಲ್ಲಿದೆ ಅಂತ ನೋಡಿದವರಲ್ಲ. ವೆರಿ ಗುಡ್ ಮೇಡಂ, ನೆಕ್ಸ್ಟ್.

ಆಗ ನನ್ನನ್ನು ಕಂಡರು. ಗಾಬರಿ. "ಬನ್ನಿ ಬನ್ನಿ ಮೇಡಂ. ಏ, ಚೇರ್ ಹಾಕ್ರಪ್ಪಾ." ಚೇರ್ ಬಂತು, ಟೀ ಬಂತು. ಮುಖ್ಯ ಅತಿಥಿಗೆ ಶಾಲು ಒಂದು ಕಡಿಮೆ.

"ನಾನು ಕೆಟ್ಟದಾಗಿ ಮಾಡ್ತಿದ್ನಾ ಸರ್?"

"ಛೆ ಛೆ. ಚೆನ್ನಾಗೇ ಮಾಡ್ತಿದ್ರಿ ಮೇಡಂ."

"ಮತ್ತೆ ಯಾಕೆ ನನಗೆ ಒಂದಿನಾನೂ ಬೈಲಿಲ್ಲ?"

ಅವರು ಟೀ ನೋಡಿದರು. ಭೀಮರಾಜ್ ಗೋಡೆ ನೋಡಿದರು. ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಅವರಿಗೆ ಬೇಕಿದ್ದದ್ದು ಸೆಲ್ಲಾರ್. ಅದರ ಜೊತೆಗೆ ನಾನೂ ಬಂದೆ, ಸಹಿಸಿಕೊಂಡರು. ಹುಟ್ಟು ಕಲಾವಿದೆಯಂತೆ. ಥೂ ನನ್ನ ಜನ್ಮಕ್ಕೆ.

ಮಾರ್ಚ್ 6

ಇಷ್ಟು ದಿನ ಪೆನ್ನು ಮುಟ್ಟಲಿಲ್ಲ. ಮಾಡಿದೆ, ಉಂಡೆ, ಮಲಗಿದೆ. ಯಾಕೆ ಮಂಕಾಗಿದ್ದೀಯ ಅಂತ ಇವರು ಕೇಳಿದರು. ಬಿಸಿಲು ಅಂದೆ.

ಇವತ್ತು ವಿರೂಪಾಕ್ಷ ಸರ್ ಫೋನ್. ಗೋಡೌನಿಗೆ ಮಾಲು ಬಂತಂತೆ, ಓನರ್ ಖಾಲಿ ಮಾಡಿಸಿದನಂತೆ. ಷೋ ಹತ್ತಿರ ಬಂತು, ಎಲ್ಲೂ ಜಾಗವಿಲ್ಲ. "ಮೇಡಂ, ನಿಮ್ಮ ಮನೆ ಹಿಂದೆ ಶೆಡ್ ಇದೆ ಅಂದಿದ್ರಲ್ಲ..." ಸ್ಟವ್ ಆರಿಸಿದೆ. "ಚೆನ್ನಿ ಪಾತ್ರ ನಿಮ್ಮದೇ ಮೇಡಂ. ಯಾವಾಗ್ಲೂ ನಿಮ್ಮದೇ."

ಉಗಿದು ಇಡಬೇಕಿತ್ತು. "ಅತ್ತೇನ ಕೇಳಿ ಹೇಳ್ತೀನಿ," ಅಂದೆ. ಆಸೆ, ಹಾಳಾದ್ದು.

ಮಾರ್ಚ್ 8

"ನೀನೇ ಮೇನು ಅಂದ್ಯಲ್ಲ, ನಿಜವಾ?" ಅಂದರು ಅತ್ತೆ. ಹೂಂ ಅಂದೆ. "ಅಂಗಾದ್ರೆ ಬರ್ಲಿ ಬುಡು. ನೀನಿಲ್ದೆ ಅವ್ರು ಯಾರೂ ನಮ್ ಇತ್ಲಿಗೆ ಕಾಲಿಡಂಗಿಲ್ಲ." ಇವರೂ ಶೆಡ್ಡಿನಿಂದ ಸೆಂಟ್ರಿಂಗ್ ಸಾಮಾನು ತೆಗೆಸಿದರು.

ಸರ್‌ಗೆ ಹೇಳಿದೆ. ಒಂದೇ ಷರತ್ತು ಹಾಕಿದೆ. ಲುಬ್ನಾಗೆ ಬೈದ ಹಾಗೆ ನನಗೂ ಬೈಯಬೇಕು, ಬಿಡದೆ ತಿದ್ದಬೇಕು. "ಖಂಡಿತ ಮೇಡಂ," ಅಂದರು. ಮೇಡಂ ಅಂತಲೇ.

ಮಾರ್ಚ್ 11, ಮಂಗಳವಾರ

ಶೆಡ್ಡಿನಲ್ಲಿ ಮೊದಲ ದಿನ. ಲುಬ್ನಾ ಮತ್ತೆ ಸ್ಕ್ರಿಪ್ಟ್ ಹಿಡಿದು ಮೂಲೆಯಲ್ಲಿ. ಅವಳ ಮುಖ ನೋಡುವ ಧೈರ್ಯ ಬರಲಿಲ್ಲ. ಅವಳ ಅನ್ನ ಕಿತ್ತುಕೊಂಡ ಹಾಗಾಯಿತು. ಹಾಗಾಯಿತು ಏನು, ಕಿತ್ತುಕೊಂಡೇಬಿಟ್ಟೆ.

ಸರ್ ಬೈದರು. ಮಾತು ಕೊಟ್ಟಿದ್ದರಲ್ಲ. "ತಪ್ಪು ಮೇಡಂ, ಮತ್ತೆ." ಮತ್ತೆ ಮಾಡಿದೆ. "ತಪ್ಪು." ಎಲ್ಲಿ ತಪ್ಪು ಸರ್ ಅಂದೆ. ಮೊಬೈಲಿನಿಂದ ತಲೆ ಎತ್ತಿದರು. "ಅದೇ... ಒಟ್ಟಾರೆ." ನೋಡಿಯೇ ಇರಲಿಲ್ಲ. ತಿಂಗಳ ಬಾಡಿಗೆ ಕೊಟ್ಟ ಹಾಗೆ ಬೈಗುಳ ಕೊಟ್ಟರು.

ಮಾರ್ಚ್ 14

ಎಲ್ಲರೂ ಹೋದ ಮೇಲೆ ಲುಬ್ನಾ ನಿಂತಿದ್ದಳು. ಜಗಳಕ್ಕೆ ಅಂದುಕೊಂಡೆ.

"ಅಕ್ಕಾ, ಒಂದ್ ಮಾತು. ಬೇಜಾರ್ ಮಾಡ್ಕೋಬೇಡಿ. ಆ ಮಾತು ಹೇಳುವಾಗ ನೀವು ನಮ್ಮನ್ನ ನೋಡ್ತೀರ. ಮಗೂನ ನೋಡಲ್ಲ."

ಮಗುವನ್ನು ನೋಡಿ ಹೇಳಿದೆ. ಅವಳು ತಲೆ ಅಲ್ಲಾಡಿಸಿದಳು. ಇನ್ನೊಂದು ಸಲ. ಇನ್ನೊಂದು. ಕಡೆಗೆ "ಹಾಂ, ಈಗ ಬಂತಕ್ಕಾ," ಅಂದಳು. ಬಂದಿತ್ತು, ನನಗೇ ಗೊತ್ತಾಯಿತು. ಆಮೇಲೆ ಅವಳನ್ನೇ ಒಂದು ಸಲ ಮಾಡು ಅಂದೆ. ಮಾಡಿದಳು. ಮೈ ಜುಮ್ಮೆಂದಿತು. ನಾನು ಒಂದು ಸಲ ಮುಟ್ಟಿಬಂದ ಕಡೆ ಆ ಹುಡುಗಿ ವಾಸವೇ ಇದ್ದಾಳೆ. ಮನೆಗೆ ಬಂದು ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತುಬಿಟ್ಟೆ.

ಮಾರ್ಚ್ 17, ಸೋಮವಾರ

ಬೆಳಿಗ್ಗೆ ಫೋನ್ ಮಾಡಿದೆ. "ಸರ್, ಚೆನ್ನಿ ಪಾತ್ರ ಲುಬ್ನಾಗೇ ಕೊಟ್ಬಿಡಿ. ಶೆಡ್ ಷೋವರೆಗೂ ನಿಮ್ಮದೇ."

ಇಲ್ಲಾದರೂ ನಿಜ ಬರೆಯುತ್ತೇನೆ. ಕೊಡುವ ಮನಸ್ಸಿರಲಿಲ್ಲ. ಬೇಡ ಮೇಡಂ, ನೀವೇ ಮಾಡ್ಬೇಕು ಅನ್ನಲಿ ಅಂತ ಹೇಳಿದ್ದು.

"ಯಾಕ್ ಮೇಡಂ, ಮನೇಲಿ ಏನಾದ್ರೂ ತೊಂದ್ರೆನಾ?"

"ಇಲ್ಲ ಸರ್. ಸುಮ್ನೆ."

ಫೋನ್ ಕಿವಿಗೆ ಒತ್ತಿ ಹಿಡಿದು ಕಾದೆ.

"ಸರಿ ಮೇಡಂ. ದೊಡ್ಡ ಮನಸ್ಸು ನಿಮ್ದು," ಅಂದರು. ಅವರ ದನಿ ಅಷ್ಟು ಹಗುರವಾಗಿದ್ದದ್ದು ನಾನು ಕೇಳಿಯೇ ಇರಲಿಲ್ಲ. ಇನ್ನೊಂದು ಸಲ ಯಾಕೆ ಅನ್ನಲಿಲ್ಲ.

ಮಾರ್ಚ್ 20, ಗುರುವಾರ

ಮನೆಯಲ್ಲಿ ಹೇಳಿಲ್ಲ. ಹೇಳಿದರೆ ಶೆಡ್ಡಿಗೆ ಬೀಗ, ಲುಬ್ನಾಳ ರಿಹರ್ಸಲ್‌ಗೆ ಮಣ್ಣು. ಹಾಗಾಗಿ ಸಂಜೆ ಸೆರಗು ಸಿಕ್ಕಿಸಿಕೊಂಡು ಹೋಗುತ್ತೇನೆ. ನನಗೊಂದು ಚೇರ್ ಹಾಕಿರುತ್ತಾರೆ. ಕೂತು ನೋಡುತ್ತೇನೆ, ಬೈಗುಳ ಮುಗಿದ ಮೇಲೆ ಎದ್ದು ಬರುತ್ತೇನೆ. ಚೆನ್ನಾಗಾಯ್ತಾ ಅಂತಾರೆ ಇವರು. ಆಯ್ತು ಅಂತೀನಿ.

ಈಗಷ್ಟೇ ಅತ್ತೆ ಬಂದು ಹಾಸಿಗೆಯ ಅಂಚಿಗೆ ಕೂತರು. ಭಾನುವಾರಕ್ಕೆ ಟೆಂಪೋ ಟ್ರಾವೆಲರ್ ಹೇಳಿದ್ದಾರಂತೆ. "ನಮ್ ಬೀದಿ ಎಂಗಸ್ರೆಲ್ಲ ಬತ್ತಾವ್ರೆ ಕಣಮ್ಮಿ. ನಮ್ ಸೊಸೆ ಎಂಗ್ ಮಾಡ್ತಾಳೆ ನೋಡ್ಬರ್ರಿ ಅಂತ ಏಳಿವ್ನಿ." ನನ್ನ ತಲೆ ಸವರಿದರು. ಈ ಮನೆಗೆ ಬಂದಾಗಿನಿಂದ ಒಂದು ಸಲವೂ ಸವರಿದವರಲ್ಲ. ಮೊದಲ ಸಾಲಿನಲ್ಲೇ ಕೂರುತ್ತಾರಂತೆ. ಪರದೆ ಎದ್ದು, ಮಗು ಹಿಡಿದು ಲುಬ್ನಾ ಬಂದಾಗ, ಪಕ್ಕದಲ್ಲೇ ಕೂತಿರುವ ನಾನು ಅವರಿಗೆ ಏನಂತ ಹೇಳಲಿ?